ಕಾಡಿನಲ್ಲೇ ಬಿಟ್ಟು ಬಂದ ಒಲೆಯ ಬಾಗಿಲು

ಅಕ್ಟೋಬರ್‌ನ ಎರಡನೇ ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ವಿದೇಶದಲ್ಲಿ ನಾನಿರುವ ಎವರೆಟ್ ಊರಿನಾಚೆಯ ಕಾಡಿನಲ್ಲಿ, ಜಾಗದವರನ್ನು ಕೇಳಿಯೇ ಹೋಗಿದ್ದ ನನ್ನ ಮೆಟಲ್ ಡಿಟೆಕ್ಟರ್ ಜೋರಾಗಿ ಕೂಗಿತು. ಅಗೆದರೆ ಹಳೆಯ ಕಬ್ಬಿಣದ ಒಲೆಯ, ಸೌದೆ ಹಾಕುವ ಬಾಗಿಲು! ಅಲ್ಲಿ ನೆಲೆಸಿದ್ದ ಮೊದಲ ವಲಸಿಗರ ಮನೆಗಾಗಿ ವರ್ಷವಿಡೀ ಹುಡುಕಿದ ನನಗೆ ಸಿಕ್ಕ ಮೊದಲ ಗುರುತು ಅದು. ಚೀಲಕ್ಕೆ ಹಾಕುವಷ್ಟರಲ್ಲಿ, ಧಾರವಾಡದಿಂದ ಬಂದು ಅಂದು ನನ್ನ ಜೊತೆಗಿದ್ದ ಅಜ್ಜಿ ಕೈ ಹಿಡಿದಳು.

“ಬ್ಯಾಡವಾ, ಶನಿವಾರ ಕಬ್ಬಿಣ ಮನಿಗೆ ತರಬಾರದು.”

“ಅಜ್ಜಿ, ನನಗ ರಜಾ ಇರೋದ ಶನಿವಾರ!”

ಅವಳು ನಕ್ಕು, ಬಾಗಿಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಮೆಲ್ಲಗೆ ಅಂದಳು: “ಯಾವ ತಾಯಿ ಇದರ ಮುಂದ ಕುಂತು ಅಡಗಿ ಮಾಡಿದ್ಲೋ. ಅಕಿ ಒಲಿ ಅಕಿ ಮನ್ಯಾಗ ಇರ್ಲಿ.”

ಅದನ್ನು ಅಲ್ಲೇ ಹೂತು ಬಂದೆವು. ಅಜ್ಜಿ ಊರಿಗೆ ಮರಳಿದಳು. ಶನಿವಾರವಲ್ಲದ ಎಷ್ಟೋ ದಿನಗಳು ಕಳೆದರೂ ಅದನ್ನು ತರಲು ನನಗೆ ಮನಸ್ಸಾಗಿಲ್ಲ. ಆ ಕಾಡಿನಲ್ಲಿ ಒಲೆ ಹಚ್ಚುತ್ತಿದ್ದವಳು ಯಾರೆಂದು ಬಲ್ಲವರು ದಯವಿಟ್ಟು ಬರೆಯಿರಿ. ಅಜ್ಜಿಗೆ ಅವಳ ಹೆಸರು ಹೇಳಬೇಕು.