ಕುಂಬಳಕಾಯಿಯೊಳಗೆ ಹೋದ ಬಿಲ್ಲೆ

ಮಾಲತೇಶ ಅವರ ಅಂಗಿಗೆ ಬ್ಯಾಡ್ಜ್ ಇಲ್ಲ. ವಿಕಿರಣದ ಹತ್ತಿರ ದುಡಿಯುವವರ ಮೈಗೆ ಅದು ಎಷ್ಟು ತಾಗಿದೆ ಎಂದು ತೋರಿಸುವ ಬ್ಯಾಡ್ಜ್ ಅದು. ರಾಣೆಬೆನ್ನೂರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಅವರು ಅಟೆಂಡರ್ ಆಗಿ ಹನ್ನೊಂದು ವರ್ಷವಾಯಿತು. ಬ್ಯಾಡ್ಜನ್ನು ಯಾರೂ ಕೊಟ್ಟಿಲ್ಲ, ಅವರೂ ಕೇಳಿಲ್ಲ.

ಬೆಳಗಿನ ಐದೂವರೆ. ಮೇಜಿನ ಮೇಲೆ ಗೈಗರ್ ಯಂತ್ರ, ಅದರ ಕೊಳವೆಯ ಎದುರು ರೂಪಾಯಿ ನಾಣ್ಯದಷ್ಟು ಅಗಲದ ಉಕ್ಕಿನ ಬಿಲ್ಲೆ. ಬಿಲ್ಲೆಯೊಳಗಿನ ಪರಮಾಣುಗಳು ಒಡೆಯುತ್ತವೆ, ಯಂತ್ರ ಟಿಕ್ಕೆನ್ನುತ್ತದೆ. ಹತ್ತು ಸೆಕೆಂಡಿಗೆ ನೂರಾ ಎಂಬತ್ಮೂರು ಟಿಕ್ಕು. ಮಾಲತೇಶ ಕೊನೆಯ ಅಂಕಿ ಮೂರನ್ನು ಮಾತ್ರ ಬರೆಯುತ್ತಾರೆ. ಮತ್ತೆ ಹತ್ತು ಸೆಕೆಂಡು, ನೂರಾ ಎಪ್ಪತ್ತಾರು. ಆರು. ಮುಂದಿನ ಅಂಕಿ ಯಾವುದೆಂದು ಯಾರೂ ಹೇಳಲಾರರು. ಏಳಕ್ಕೆ ಕರೆಂಟು ಹೋಗುವುದರೊಳಗೆ ಇಂಥ ಮುನ್ನೂರು ಅಂಕಿ.

ಈ ಅಂಕಿಗಳು ಹೋಗುವುದು ಬ್ಯಾಡಗಿ ಹತ್ತಿರದ ಮೆಣಸಿನಕಾಯಿ ಬೀಜದ ಪ್ರಯೋಗಕ್ಕೆ. ಹೊಲದ ಯಾವ ತಾಕಿಗೆ ಯಾವ ಬೀಜ ಎಂಬುದನ್ನು ಅವೇ ತೀರ್ಮಾನಿಸುತ್ತವೆ. "ನಾವ ಆರಿಸಿದ್ರ ನಮಗ ಬೇಕಾದ ಬೀಜಕ್ಕ ಚಲೋ ಮಣ್ಣ ಕೊಟ್ಟಿರತೇವ್ರಿ, ನಮಗೂ ಗೊತ್ತಾಗಂಗಿಲ್ಲ" ಎನ್ನುತ್ತಾರೆ ಪ್ರಯೋಗ ನಡೆಸುವ ಶೈಲಶ್ರೀ. "ಕಂಪ್ಯೂಟರಿನ ಅಂಕಿನೂ ಒಂದು ಸೂತ್ರದಿಂದ ಬರೂವು. ಮಾಲತೇಶಣ್ಣನ ಅಂಕಿಗೆ ಯಾವ ಸೂತ್ರನೂ ಇಲ್ಲ."

ಏಳರ ನಂತರ ಮಾಲತೇಶ ಮಾಡುವ ಕೆಲಸ ಶೈಲಶ್ರೀಗೂ ಗೊತ್ತಿಲ್ಲ.

ನಾಲ್ಕು ತಿಂಗಳ ಹಿಂದೆ, 2006ರ ಆಯುಧಪೂಜೆಯ ದಿನ, ಎಲ್ಲ ವಿಭಾಗಗಳಂತೆ ಪ್ರಯೋಗಾಲಯದ ಸಾಮಾನಿಗೂ ಪೂಜೆ. ಅನ್ನ ಹಾಕುವುದು ಬಿಲ್ಲೆ, ಅದನ್ನೇ ಡಬ್ಬಿಯಲ್ಲಿ ಬಿಡುವುದು ಹೇಗೆ ಎಂದು ಮಾಲತೇಶ ಸೀಸದ ಡಬ್ಬಿ ತೆರೆದು ಒಂದನ್ನು ಹೊರತೆಗೆದರು. "ಕಪ್ಪಾಗಿತ್ತರಿ. ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಮ್ಯಾಲಿನ ಅಪಾಯದ ಗುರುತೂ ಹೋತು. ಎಷ್ಟು ಹೊಳೀತಿತ್ತು ಅಂತೀರಿ!" ಡಬ್ಬಿಯಲ್ಲಿದ್ದ ಮೂರು ಬಿಲ್ಲೆಗಳಲ್ಲಿ ಬಲವಾದದ್ದು ಅದೇ.

ತಟ್ಟೆಯಲ್ಲಿ ಯಂತ್ರದ ಮುಂದಿಟ್ಟು ಕುಂಕುಮ ಹಚ್ಚಿದರು. ಪಕ್ಕದಲ್ಲಿ ಚಿಲ್ಲರೆ ನಾಣ್ಯಗಳಿದ್ದವು. ಜವಾನ ಅಂಜಿನಪ್ಪ ಬಿಲ್ಲೆಯನ್ನೂ ನಾಣ್ಯವೆಂದೇ ತಿಳಿದು ತಟ್ಟೆಯನ್ನೇ ಕೊರೆದ ಕುಂಬಳಕಾಯಿಯೊಳಗೆ ಬಗ್ಗಿಸಿ, ಗೇಟಿನ ಮುಂದೆ ರಸ್ತೆಗೆ ಒಡೆದ. ಹೋಗಿಬರುವವರು ಮುಗಿಬಿದ್ದು ನಾಣ್ಯ ಆರಿಸಿಕೊಂಡರು. ಮಾಲತೇಶ ಮಂಗಳಾರತಿ ಮುಗಿಸಿ ಬಂದು ನೋಡಿದಾಗ ರಸ್ತೆಯಲ್ಲಿ ತಿರುಳು ಮಾತ್ರ ಇತ್ತು.

ಕಾಲೇಜಿನವರು ಬಾಯಿ ಮುಚ್ಚಿಕೊಂಡಿರಲು ಹೇಳಿದರು. ದಾಸ್ತಾನು ಪುಸ್ತಕದಲ್ಲಿ "ಬಳಸಿ ತೀರಿದೆ" ಎಂದು ಬರೆದರು. ಅದು ಬಳಸಿ ತೀರುವ ವಸ್ತುವಲ್ಲ. ಒಂದು ತಾಸು ಕಿಸೆಯಲ್ಲಿದ್ದರೆ ಬಹುಶಃ ಏನೂ ಆಗದು, ತಿಂಗಳುಗಟ್ಟಲೆ ಮೈಗೆ ಅಂಟಿಕೊಂಡಿದ್ದರೆ ಏನಾಗುತ್ತದೋ ಹೇಳಲಾರೆ ಎಂದು ಅಲ್ಲಿನ ಉಪನ್ಯಾಸಕರೊಬ್ಬರು ಹೆಸರು ಹಾಕಬೇಡಿ ಎಂಬ ಷರತ್ತಿನ ಮೇಲೆ ಹೇಳುತ್ತಾರೆ.

ಅಂದಿನಿಂದ ಮಾಲತೇಶ ಬ್ಯಾಟರಿಯ ಚಿಕ್ಕ ಯಂತ್ರವನ್ನು ಕೈಚೀಲದಲ್ಲಿಟ್ಟುಕೊಂಡು ಓಣಿ ತಿರುಗುತ್ತಾರೆ. ನೂರು ಓಣಿಗಳ ಪಟ್ಟಿ ಮಾಡಿದ್ದಾರೆ. ಆ ದಿನದ ಕೊನೆಯ ಎರಡು ಅಂಕಿ ಯಾವ ಓಣಿ ಹೇಳುತ್ತವೆಯೋ ಅಲ್ಲಿಗೆ. "ಸಾಲಾಗಿ ಹೋದ್ರ ನನ್ನಕಿಂತ ಮೊದಲ ಸುದ್ದಿ ಹೋಗತೈತಿ, ಬಾಗಲಾ ಹಾಕ್ಕೊಂತಾರ. ಮತ್ತ ನಾಣ್ಯ ಅಂತ ತಿಳದವರು ಇಟಗೊಂಡು ಕುಂದ್ರತಾರೇನ್ರಿ? ನೋಡಿ ಬಂದ ಓಣಿಗೇ ತಿರಗಿ ಬಂದಿರತೈತಿ."

ಇವತ್ತಿನ ಓಣಿಯ ಬಾಯಲ್ಲೇ ಫಕ್ಕೀರಸಾಬರ ಚಹಾದಂಗಡಿ.

"ಏನೋ ಮಾಲತೇಶಿ, ಹಾವಾಡಿಗ ಆದೇನು? ಚೀಲದಾಗ ಏನೋ ಕುಟುಕುಟು ಅಂತೈತಿ."

"ಗಲ್ಲಾ ತಗೀರಿ ಚಾಚಾ."

"ಯಾಕ, ದರೋಡಿ ಮಾಡಾಂವೇನ?"

ಮಾಲತೇಶ ವಿಷಯ ಹೇಳಿ, ಯಂತ್ರವನ್ನು ಚಿಲ್ಲರೆಯ ಮೇಲೆ ಹಿಡಿಯುತ್ತಾರೆ. ಹತ್ತು ಸೆಕೆಂಡಿಗೆ ನಾಲ್ಕು ಟಿಕ್ಕು. ಎಲ್ಲ ಕಡೆ ಇರುವಷ್ಟೇ. ಇಲ್ಲಿಲ್ಲ. ಆದರೆ ಫಕ್ಕೀರಸಾಬರ ನಗು ನಿಂತಿದೆ.

"ನನ್ನ ಮೊಮ್ಮಗಳು ಸಿಕ್ಕ ನಾಣ್ಯ ಬಾಯಾಗ ಇಡತಾಳಲೋ. ಬಾ, ಮೊದಲ ಮನೀಗೆ ಬಾ."

ಮನೆಯಲ್ಲೂ ಇಲ್ಲ. ನಿಟ್ಟುಸಿರು ಬಿಟ್ಟವರು ಫಕ್ಕೀರಸಾಬರು ಮಾತ್ರ. ಇಲ್ಲಿಲ್ಲ ಎಂದರೆ ಇನ್ನೊಂದು ಮನೆಯಲ್ಲಿದೆ.

ಮಾಲತೇಶರ ಹೆಂಡತಿ ಬೀರವ್ವ ಆರು ತಿಂಗಳ ಬಸುರಿ. ಗಂಡನ ಅಂಗಿಯನ್ನು ಬೇರೆ ಬಕೆಟಿನಲ್ಲಿ ತೊಳೆಯುತ್ತಾರೆ. "ಬಿಲ್ಲೆ ತಿಕ್ಕಿದ ಕೈರೀ ಅವು. ನನ್ನ ಮುಟ್ಟಬ್ಯಾಡ ಅಂದೇನಿ. ನಾಕ ತಿಂಗಳಾತು, ಹೊರಗಿನ ಪಡಸಾಲ್ಯಾಗ ಮಲಗತಾರ." ತೊಳೆದರೆ ಹೋಗಿರುತ್ತದೆ, ಯಂತ್ರವೂ ಏನೂ ತೋರಿಸುತ್ತಿಲ್ಲ ಎಂದು ಮಾಲತೇಶ ಹೇಳಿ ನೋಡಿದ್ದಾರೆ. "ಹಂಗಾರ ನೀವ್ಯಾಕ ಅಂಜಿ ಓಣಿ ಓಣಿ ತಿರಗತೀರಿ?" ಎಂದು ಬೀರವ್ವ ಕೇಳುತ್ತಾರೆ.

ಇದನ್ನು ಪತ್ರಿಕೆಯಲ್ಲಿ ಬರೆದರೆ ಕೆಲಸ ಹೋಗಬಹುದು ಎಂದಾಗ ಮಾಲತೇಶ ಕೈಚೀಲ ಕೆಳಗಿಡುತ್ತಾರೆ.

"ನನ್ನ ಹೆಸರ ಹಾಕ್ರಿ. ರೂಪಾಯಿ ಅಗಲ, ಅದಕ್ಕಿಂತ ದಪ್ಪ, ಎರಡೂ ಕಡೆ ನುಣ್ಣಗ ಐತಿ ಅಂತ ಬರೀರಿ. ಸಿಕ್ಕವರು ಮುಟ್ಟೂದು ಬ್ಯಾಡ, ನನಗ ಹೇಳಿ ಕಳಸ್ರಿ. ನಾ ಚಿಮಟಿ ತಗೊಂಡು ಬರತೇನಿ. ಯಾರ ಮ್ಯಾಲೂ ತಪ್ಪ ಹಾಕಂಗಿಲ್ಲ."

ಸೀಸದ ಡಬ್ಬಿಯಲ್ಲಿ ಮೂರು ಬಿಲ್ಲೆಗಳಿದ್ದವು. ಈಗ ಎರಡಿವೆ. ಒಂದು ಇಲ್ಲ.