ಕೊಕ್ಕರ್ಣೆಗೆ ತಡವಾಗಿ ಹೋದೆ

ಬ್ರಹ್ಮಾವರದಲ್ಲಿ ಬಸ್ಸಿಳಿದ ಮೊದಲ ದಿನ, ಕನ್ನಡದಲ್ಲಿ ಕೇಳಿದವರಿಗೆ ನಾನು ಹಿಂದಿಯಲ್ಲಿ ಉತ್ತರ ಕೊಟ್ಟೆ. "ಹ್ವಾಯ್, ಎಲ್ಲಿಗ್ ಹೋಪ್ದ್?" ಎಂದಿದ್ದರು ರಿಕ್ಷಾದವರು. ಯಾವುದೋ ಬೇರೆ ಭಾಷೆ ಎಂದುಕೊಂಡೆ. ಅವರು ನಕ್ಕು ಬಿಡಿಸಿ ಕೇಳಿದಾಗ, ಅದು ‘ಎಲ್ಲಿಗೆ ಹೋಗುವುದು’ ಎಂಬ ನಮ್ಮದೇ ಮಾತೆಂದು ತಿಳಿದು ಕಿವಿ ಬಿಸಿಯಾಯಿತು. ಗದಗಿನ ಕಡೆಯಿಂದ ಬಂದಿದ್ದೆ, ರಾಜ್ಯವನ್ನೇನೂ ದಾಟಿರಲಿಲ್ಲ.

ಇಂಟರ್ನೆಟ್ ಕೊಡುವ ಕಂಪನಿಯೊಂದರಲ್ಲಿ ತುಂಡಾದ ಫೈಬರ್ ಕೇಬಲ್ ಜೋಡಿಸುವುದು ನನ್ನ ಕೆಲಸ. ಕೂದಲಿನಂಥ ಎರಡು ಗಾಜಿನ ಎಳೆಗಳನ್ನು ಯಂತ್ರದಲ್ಲಿಟ್ಟು ಬೆಸೆಯಬೇಕು. ನಮ್ಮ ಎರೆಹೊಲಗಳ ನಡುವೆ ಒಂದು ಕಂಬದ ಬುಡದಲ್ಲಿ ನಿಂತರೆ ಸಾಲಾಗಿ ಹತ್ತು ಕಂಬ ಕಾಣುತ್ತವೆ. ಇಲ್ಲಿ ಮುಂದಿನ ಕಂಬವನ್ನೇ ಹಲಸಿನ ಮರ ನುಂಗಿರುತ್ತದೆ. ಗಾಳಿ ಬೀಸಿದರೆ ಕೇಬಲ್ ಎಲ್ಲಿ ಕಡಿದಿದೆ ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಮೀನು ಮಾರುವ ಗಿರಿಜಕ್ಕನ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ನಾನು ಮೀನು ತಿನ್ನುವುದಿಲ್ಲವೆಂದು ತಿಳಿದ ಮೇಲೆ ಅವರು ಬೇರೆ ಪಾತ್ರೆಯಲ್ಲಿ ಸೌತೆಕಾಯಿ ಹುಳಿ ಮಾಡಿ ಕಳಿಸುತ್ತಿದ್ದರು. ಕುಚ್ಚಲಕ್ಕಿಯ ದಪ್ಪ ಅನ್ನ ಮೊದಲ ವಾರ ಗಂಟಲಲ್ಲಿ ಇಳಿಯಲಿಲ್ಲ. ಊರಿಂದ ತರಿಸಿದ ಜೋಳದ ಹಿಟ್ಟು ಮಳೆಯ ತೇವಕ್ಕೆ ಮುಗ್ಗಲು ಹಿಡಿಯಿತು. ಅದನ್ನು ಚೆಲ್ಲುವಾಗ ಅಳು ಬಂದದ್ದು ನಿಜ.

ಎರಡು ತಿಂಗಳಲ್ಲಿ ‘ಬಪ್ಪುದು’, ‘ಹೋಪುದು’ ತಿಳಿಯಿತು. ತಿಳಿಯದ್ದಕ್ಕೆಲ್ಲ ‘ಹೂಂ’ ಎನ್ನುವುದೂ ರೂಢಿಯಾಯಿತು. ತಮಿಳು ಬಾರದಿದ್ದರೆ ಯಾರಿಗೆ ಏನು ನಾಚಿಕೆ? ಕನ್ನಡದವನಾಗಿ ಕನ್ನಡ ತಿಳಿಯಲಿಲ್ಲ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ.

ಜುಲೈ ತಿಂಗಳ ಗಾಳಿಮಳೆಗೆ ಕೇಬಲ್‌ಗಳು ಎಲ್ಲೆಂದರಲ್ಲಿ ಕಡಿದುಬಿದ್ದವು. ಕೊಕ್ಕರ್ಣೆಯಿಂದ ರಾಘವ ಎಂಬವರು ಫೋನ್ ಮಾಡಿ ಬಡಬಡನೆ ಏನೋ ಹೇಳಿದರು. ನನಗೆ ದಕ್ಕಿದ್ದು ‘ಅಕ್ಕ’ ಮತ್ತು ‘ಕೇಂತಿಲ್ಲ’ ಎಂಬೆರಡೇ. ಫೋನಿನಲ್ಲಿ ದನಿ ಸರಿಯಾಗಿ ಕೇಳುತ್ತಿಲ್ಲ ಎನ್ನುತ್ತಿರಬೇಕು ಎಂದುಕೊಂಡು, ಹೂಂ ಎಂದೆ. ನಾಳೆ ಬರುತ್ತೇನೆ ಎಂದೂ ಹೇಳಿ, ಅವರ ದೂರನ್ನು ಪಟ್ಟಿಯ ಕೊನೆಗೆ ಹಾಕಿದೆ. ಮರುದಿನ ಮತ್ತೆ ಫೋನ್ ಬಂತು. ಮತ್ತೆ ಹೂಂ, ಮತ್ತೆ ನಾಳೆ.

ಐದನೆಯ ದಿನ ಹೋದೆ. ಜಗಲಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದರು. ನಾನು ಮಾತಾಡಿಸಿದರೆ ಉತ್ತರವಿಲ್ಲ. ಒಳಗಿಂದ ಬಂದ ರಾಘವ, ತಮ್ಮ ಅಕ್ಕ ಜಲಜಾಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ ಎಂದರು. ಮುಂಬಯಿಯಲ್ಲಿದ್ದ ತಂಗಿ ವನಜಾಗೂ ಅಷ್ಟೇ. ಇಬ್ಬರೂ ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡ ಕೈಸನ್ನೆಯಲ್ಲಿ ದಿನಾ ವಿಡಿಯೊದಲ್ಲಿ ಮಾತಾಡುತ್ತಿದ್ದರಂತೆ. ಮನೆ ಇರುವ ಆ ತಗ್ಗಿನಲ್ಲಿ ಮೊಬೈಲಿಗೆ ಮಾತಾಡುವಷ್ಟು ಸಿಗ್ನಲ್ ಇದೆ, ಕೇಬಲ್ ಇಲ್ಲದೆ ವಿಡಿಯೊ ಓಡಬೇಕೆಂದರೆ ಪೇಟೆಗೇ ಹೋಗಬೇಕು. ವನಜಾ ಆಸ್ಪತ್ರೆ ಸೇರಿದ್ದರು. ಆಪರೇಷನ್ನಿಗೆ ಮುಂಚೆ ಅಕ್ಕನನ್ನು ನೋಡಬೇಕೆಂದು ಎರಡು ದಿನ ಫೋನ್ ಹಿಡಿದು ಕೂತಿದ್ದರಂತೆ. ಆಪರೇಷನ್ ಆದ ಮೇಲೆ ಎಚ್ಚರವಾಗದೆ ಹಾಗೇ ತೀರಿಕೊಂಡರು.

"ನೀವ್ ನಾಳೆ ಬತ್ತೆ ಅಂದ್ರಿ," ರಾಘವ ಹೇಳಿದರು. "ಅದಕ್ಕೇ ಅಕ್ಕನ್ನ ಪೇಟೆಗ್ ಕರ್ಕಂಡ್ ಹೋಯ್ಲಿಲ್ಲ."

ಬೇರೆ ಕೆಲಸಗಳ ನೆಪ ನಾಲಿಗೆಯ ತುದಿಯಲ್ಲಿತ್ತು. ಹೇಳಲಾಗಲಿಲ್ಲ. "ನಿಮ್ಮ ಮಾತು ನನಗ ತಿಳೀಲಿಲ್ರಿ," ಎಂದೆ. "ತಿಳದವರಂಗ ಹೂಂ ಅಂದೆ."

ರಾಘವ ಅಕ್ಕನ ಕಡೆ ಕೈ ತೋರಿಸಿದರು. "ಅಕ್ಕನಿಗ್ ಕೆಮಿ ಕೇಂತಿಲ್ಲ ಅಂದದ್ ನಾನ್. ಗೊತ್ತಾಗ್ದಿದ್ರೆ ಇನ್ನೊಂದ್ ಸಲ ಕೇಂಬುಕಾಗ್ದಾ ಮಾರಾಯ್ರೆ?"

ಗದರಿದ್ದರೆ ಹಗುರಾಗುತ್ತಿತ್ತೇನೋ. ಇಲ್ಲಿ ಕಿವಿಗೆ ಕೆಮಿ ಎನ್ನುತ್ತಾರೆ. ಆ ಒಂದು ಪದ ನನಗೆ ಗೊತ್ತಿರಲಿಲ್ಲ.

ಮಳೆಯಲ್ಲೇ ಏಣಿ ಹತ್ತಿದೆ. ಎಳೆಗೆ ನೀರು ತಾಗಿ ಎರಡು ಸಲ ಜೋಡಣೆ ಕೆಟ್ಟಿತು. ಸಂಪರ್ಕ ಬಂದ ಕೂಡಲೇ ಜಲಜಕ್ಕ ಮುಖ ತೊಳೆದು ಬಂದು ಫೋನನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿದರು. ಆ ಕಡೆ ವನಜಾಳ ಮಗಳು. ಅವಳಿಗೂ ತಾಯಿಯ ಸನ್ನೆ ಬರುತ್ತದಂತೆ. ಇಬ್ಬರ ಕೈಗಳೂ ಆಡತೊಡಗಿದವು. ಸದ್ದೇ ಇರಲಿಲ್ಲ. ನನಗೆ ಒಂದೂ ತಿಳಿಯಲಿಲ್ಲ. ಸಾಮಾನು ಎತ್ತಿಕೊಂಡು ಹೊರಬಿದ್ದೆ.

ಅಂದಿನಿಂದ ತಿಳಿಯದ್ದನ್ನು ಎರಡಲ್ಲ, ನಾಲ್ಕು ಸಲ ಕೇಳುತ್ತೇನೆ. ಕೆಲವರು ರೇಗುತ್ತಾರೆ, ‘ಘಟ್ಟದ ಮೇಲಿನವ’ ಎಂದು ನಗುತ್ತಾರೆ. ಊರಿಗೆ ಹೋದರೆ ಗೆಳೆಯರು ನನ್ನ ಮಾತು ಕೆಟ್ಟಿದೆ ಎನ್ನುತ್ತಾರೆ.

ಕಳೆದ ತಿಂಗಳು ಕಂಪನಿ ಗದಗಿಗೆ ವರ್ಗ ಕೊಡುತ್ತೇನೆಂದಿತು. ಬಂದ ಹೊಸತರಲ್ಲಿ ಅದಕ್ಕಾಗಿ ನಾನೇ ಗೋಗರೆದಿದ್ದೆ. ಈಗ ಬೇಡವೆಂದೆ. ಇದು ನನ್ನ ಊರಾಯಿತು ಅಂತಲ್ಲ. ಇಲ್ಲಿನವರ ಮಾತು ಈಗಷ್ಟೇ ತಿಳಿಯತೊಡಗಿದೆ. ನನ್ನ ಜಾಗಕ್ಕೆ ಹೊಸಬನೊಬ್ಬ ಬಂದು ಮತ್ತೆ ಹೂಂ ಎನ್ನುವುದನ್ನು ನೆನೆದರೆ ಹೊರಡಲು ಮನಸ್ಸಾಗುವುದಿಲ್ಲ. ಆದರೆ ವರ್ಗದ ಸುದ್ದಿ ಕೇಳಿದ ಅವ್ವ ಊರಲ್ಲಿ ನನಗೆಂದು ಅಟ್ಟದ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾಳೆ. ನಾನು ಬರುವುದಿಲ್ಲವೆಂದು ಅವಳಿಗೆ ಇನ್ನೂ ಹೇಳಿಲ್ಲ.