ಅಮಾವಾಸ್ಯೆಯ ಪಣತಿ

ಗ್ಯಾಸಿನ ಒಲೆ ಹೊತ್ತಿಸುವ ಮುನ್ನ ಈಗಲೂ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ವಾಸನೆ ಏನೂ ಇರುವುದಿಲ್ಲ. ಆದರೂ ಆ ಮೂಲೆ ಕಣ್ಣ ಮುಂದೆ ಬರುತ್ತದೆ: ಕುಂಕುಮ ಹಚ್ಚಿದ ಸಿಲಿಂಡರು, ಅದರ ಮುಂದೆ ಪಣತಿ, ಬಗ್ಗಿ ಕೈಮುಗಿಯುತ್ತಿರುವ ವೈನಿ.

ವೈನಿ ನನ್ನ ಅಣ್ಣನ ಹೆಂಡತಿ. ಅವಳ ತವರು ಹಳಿಯಾಳದ ಹತ್ತಿರದ ಒಂದು ಹಳ್ಳಿ, ಕಿರಾಣಿ ಅಂಗಡಿಯ ಮನೆ. ಅಣ್ಣ ದಾಂಡೇಲಿಯಲ್ಲಿ ನೌಕರಿಯಲ್ಲಿದ್ದ. ಅವನ ತಂಗಿ ನಾನು, ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದೆ. ಬಂಗೂರನಗರದ ಕಡೆ ಹೋಗುವ ರಸ್ತೆಯಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು ವೈನಿ ಖಾನಾವಳಿ ತೆಗೆದಾಗ, ಬಡಿಸಲು ನಾನು ನಿಂತೆ.

ಶುರುವಿನಲ್ಲಿ ಜನ ಬರಲಿಲ್ಲ. ಪ್ರವಾಸಿಗರಿಗೆ ರೆಸಾರ್ಟಿನಲ್ಲೇ ಊಟ, ಕೆಲಸಗಾರರ ಕೈಯಲ್ಲಿ ಮನೆಯ ಡಬ್ಬಿ. ಮಧ್ಯಾಹ್ನ ಮಾಡಿದ ಪಲ್ಯವನ್ನು ರಾತ್ರಿ ನಾವೇ ಉಣ್ಣುತ್ತಿದ್ದೆವು. ಒಣಗಿಸಿದ ಕಟಕ ರೊಟ್ಟಿ ತಂದಿಟ್ಟರೆ ಕೆಲಸ ಹಗುರಾಗುತ್ತದೆ ಎಂದು ಅಣ್ಣ ಹೇಳಿದ. ವೈನಿ ಒಪ್ಪಲಿಲ್ಲ. ಗಿರಾಕಿ ಕುಳಿತ ಮೇಲೆಯೇ ಹಿಟ್ಟು ನಾದಿ, ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಕೇಳಿಯೇ ಒಳಗೆ ಬಂದವನು ಜೋಯಿಡಾ ಕಡೆ ಪ್ರವಾಸಿಗರನ್ನು ಒಯ್ಯುವ ಒಬ್ಬ ಜೀಪಿನ ಚಾಲಕ. ಅವನ ಹಿಂದೆ ಮತ್ತಿಬ್ಬರು ಮೂವರು ಬರತೊಡಗಿದರು.

ಆಗ ಅಮಾವಾಸ್ಯೆ ಬಂತು. ವೈನಿಯ ತವರಿನಲ್ಲಿ ಪ್ರತಿ ಅಮಾವಾಸ್ಯೆಗೆ ಅಂಗಡಿ ತೊಳೆದು, ತಕ್ಕಡಿ ಮತ್ತು ಹಣದ ಗಲ್ಲೆಗೆ ಪೂಜೆ ಮಾಡುತ್ತಾರೆ. ನಮಗೆ ಅನ್ನ ಕೊಡುವುದು ಒಲೆ, ಹಂಚು ಮತ್ತು ಸಿಲಿಂಡರು ಎಂದು ವೈನಿ ಮೂರಕ್ಕೂ ಕುಂಕುಮ ಹಚ್ಚಿದಳು. ಮೂಲೆ ತೊಳೆಯಲು ಸಿಲಿಂಡರನ್ನು ಎಳೆದಾಡಿದಾಗ ಪೈಪು ಸಡಿಲಾಗಿತ್ತು. ಲೋಬಾನದ ಹೊಗೆಯಲ್ಲಿ ಗ್ಯಾಸಿನ ವಾಸನೆ ಯಾರಿಗೂ ತಿಳಿಯಲಿಲ್ಲ.

ನಾನು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ಪಣತಿಯ ಕುಡಿ ಇದ್ದಕ್ಕಿದ್ದಂತೆ ಉದ್ದವಾಯಿತು. ನೆಲದ ಮೇಲೆ ನೀಲಿ ಬೆಂಕಿ ಹರಿಯಿತು, ಪೈಪಿನ ಬುಡದಲ್ಲಿ ಹಳದಿಯಾಗಿ ಎದ್ದು ನಿಂತಿತು. ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ಸೊಪ್ಪಿನ ಮೇಲೆ ಹೊದಿಸಿದ್ದ ತೋಯ್ದ ಗೋಣಿ ಚೀಲವನ್ನು ಎಳೆದು ವೈನಿ ಬೆಂಕಿಯ ಮೇಲೆ ಒಗೆದಳು. ಅದರಡಿ ಬಲಗೈ ತೂರಿಸಿ ರೆಗ್ಯುಲೇಟರ್ ತಿರುವಿದಳು. ಬೆಂಕಿ ಹೋಯಿತು. ನನ್ನ ಕೈಯ ತಟ್ಟೆಯಲ್ಲಿ ಕರ್ಪೂರ ಇನ್ನೂ ಉರಿಯುತ್ತಿತ್ತು.

ಸುಟ್ಟಿದ್ದು ಬಲ ಅಂಗೈ. ರೊಟ್ಟಿ ಬಡಿಯುವ ಕೈ.

ಖೋಲಿಗೆ ಬೀಗ ಬಿತ್ತು. ಅವ್ವ ವೈನಿಯ ಎದುರು ಕುಳಿತು, "ಅಮಾಸಿ ದಿನಾನ ಹಿಂಗಾತು. ಇನ್ನ ಬಾಗಲಾ ತಗೀಬ್ಯಾಡ್ರಿ," ಎಂದಳು.

ವೈನಿ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು: "ಬೆಂಕಿ ದೇವರು ಹಚ್ಚಿಲ್ರಿ ಅತ್ತಿ. ದೀಪ ನಾ ಇಟ್ಟೀನಿ."

ವೈನಿ ಎಡಗೈಯಲ್ಲಿ ರೊಟ್ಟಿ ಬಡಿದು ನೋಡಿದಳು, ಅಂಚು ಹರಿಯಿತು. ಇನ್ನಷ್ಟು ದಿನ ಮುಚ್ಚಿದ್ದರೆ ಬಂದ ಗಿರಾಕಿಗಳಿಗೂ ಬೇರೆ ಕಡೆ ರೂಢಿಯಾಗುತ್ತಿತ್ತು. ಹಿಟ್ಟಿನ ಪರಾತವನ್ನು ಅವಳು ನನ್ನ ಮುಂದೆ ಸರಿಸಿದಳು.

"ನನ್ನ ಕೈ ಮಾಯೂ ತನಕ ನಿನ್ನ ಕೈ ಕೊಡು."

ಒಲೆಯ ಮುಂದೆ ಕೂರಲು ನನಗೆ ಆಗುವುದಿಲ್ಲ ಎಂದೆ. ವೈನಿ ಒತ್ತಾಯ ಮಾಡಲಿಲ್ಲ. ಮರುದಿನ ಅಣ್ಣನಿಂದ ಗೋಡೆಗೆ ತೂತು ಹೊಡೆಸಿದಳು. ಸಿಲಿಂಡರನ್ನು ಹೊರಗೆ ಕಬ್ಬಿಣದ ಜಾಳಿಯ ಗೂಡಿನೊಳಗೆ ಇಡಿಸಿ, ಹೊಸ ಪೈಪು ಹಾಕಿಸಿದಳು. ಪೈಪಿಗೆ ಸಾಬೂನಿನ ನೊರೆ ಹಚ್ಚಿ, ಗ್ಯಾಸು ಸೋರಿ ಗುಳ್ಳೆ ಏಳುತ್ತದೆಯೇ ಎಂದು ನನ್ನಿಂದಲೇ ನೋಡಿಸಿದಳು. ಗುಳ್ಳೆ ಏಳಲಿಲ್ಲ. ಆಮೇಲೆ ಒಲೆ ಹೊತ್ತಿಸಿದವಳು ಅವಳು, ಕುಳಿತವಳು ನಾನು.

ಜೀಪಿನವನು ನನ್ನ ಮೊದಲ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದ. "ಅಕ್ಕಾರ, ಇದು ರೊಟ್ಟಿನೋ, ಕಾಳಿ ನದಿ ನಕಾಶಾನೋ?"

"ತಿನ್ನಪಾ. ಹೊಳಿ ದಾಟ್ತಿ," ಎಂದಳು ವೈನಿ. ಅವನು ಎರಡು ತಿಂದ.

ಮುಂದಿನ ಅಮಾವಾಸ್ಯೆಗೆ ಅವ್ವನೂ ಖಾನಾವಳಿಗೆ ಬಂದಳು. ವೈನಿ ಒಲೆಗೆ, ಹಂಚಿಗೆ, ಹೊರಗಿನ ಸಿಲಿಂಡರಿಗೆ ಕುಂಕುಮ ಹಚ್ಚಿದಳು. ಅವ್ವ ಪಣತಿಯನ್ನು ತೆಗೆದುಕೊಂಡು, ರಸ್ತೆಯ ಕಡೆಯ ಹೊಸ್ತಿಲ ಹೊರಗೆ ಒಂದು ಇಟ್ಟಂಗಿಯ ಮೇಲೆ ಇಟ್ಟು ಬಂದಳು. ಲೋಬಾನ ಹಾಕಲಿಲ್ಲ.

ವೈನಿಯ ಕೈ ಈಗ ಮಾಯ್ದಿದೆ. ಅಂಗೈಯ ಚರ್ಮ ಬಿಗಿದಿರುವುದರಿಂದ ಅವಳ ರೊಟ್ಟಿಯ ಸಪ್ಪಳ ಬದಲಾಗಿದೆ, ನಡುವೆ ಒಂದು ಏಟು ಮೆಲ್ಲಗೆ ಬೀಳುತ್ತದೆ. ಜನ ಹೆಚ್ಚಾದಾಗ ಪಕ್ಕದ ಒಲೆಗೆ ನಾನು ಕೂರುತ್ತೇನೆ. ಕೈ ತಡೆಯುತ್ತದೆ, ಆ ಮೂಲೆ ಕಾಣುತ್ತದೆ. ಅಷ್ಟರಲ್ಲಿ ಅವಳ ಆ ಮೆಲ್ಲಗಿನ ಏಟು ಕೇಳುತ್ತದೆ. ನಾನು ಒಲೆ ಹೊತ್ತಿಸುತ್ತೇನೆ.